ಕಾರಣ: ಬಳಕೆಯ ತಪ್ಪು

ಸರ್ಕಾರಿ ಕಚೇರಿಗಳ ಪಡಸಾಲೆಯಲ್ಲಿ ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆಯೊಂದು ನಿಂತಿರುವುದನ್ನು ನೀವು ನೋಡಿರುತ್ತೀರಿ. ಮೇಲೆ ಗಾಜಿನ ಪರದೆ, ಕೆಳಗೆ ಕಾಗದ ಹೊರಬರುವ ಸೀಳು. ಬೆರಳಿನಿಂದ ಒತ್ತಿದರೆ ಸಾಕು, ಪಹಣಿ ಬರುತ್ತದೆ, ಪ್ರಮಾಣಪತ್ರ ಬರುತ್ತದೆ, ಕೊಟ್ಟ ಅರ್ಜಿ ಎಲ್ಲಿಗೆ ಮುಟ್ಟಿತು ಎಂಬುದೂ ತಿಳಿಯುತ್ತದೆ ಎಂದು ಪಕ್ಕದ ಗೋಡೆಯ ಮೇಲೆ ಬರೆದಿರುತ್ತಾರೆ. ಕಾಗದಪತ್ರಗಳಲ್ಲಿ ಅದರ ಹೆಸರು ಕಿಯೋಸ್ಕ್. ಜನರ ಬಾಯಲ್ಲಿ ಬರೀ ಮಷಿನ್. ವರ್ಷದ ಅರ್ಧದಷ್ಟು ದಿನ ಅದರ ಮೇಲೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿರುತ್ತದೆ. ಆ ಚೀಟಿಯನ್ನು ಕೀಳುವುದು ನನ್ನ ಹೊಟ್ಟೆಪಾಡು.

ನಮ್ಮ ಸರ್ವಿಸ್ ಸೆಂಟರ್ ಇರುವುದು ಬೆಳಗಾವಿಯ ಆಟೋ ನಗರದಲ್ಲಿ, ಲಾರಿಗೆ ಬಾಡಿ ಕಟ್ಟುವ ಶೆಡ್ಡೊಂದರ ಮೇಲೆ. ಕೆಳಗೆ ದಿನವಿಡೀ ವೆಲ್ಡಿಂಗ್, ಮೇಲೆ ನಾವು ನಾಲ್ಕು ಜನ. ಯಾವ ಊರಿನ ಯಂತ್ರ ಕೆಟ್ಟರೂ ನಮ್ಮ ಮೊಬೈಲಿಗೆ ದೂರು ಬರುತ್ತದೆ. ಅದಕ್ಕೆ ಟಿಕೆಟ್ ಎನ್ನುತ್ತೇವೆ. ಹೋಗಬೇಕು, ರಿಪೇರಿ ಮಾಡಬೇಕು, ಕೆಟ್ಟದ್ದಕ್ಕೆ ಕಾರಣ ನಮೂದಿಸಿ ಟಿಕೆಟ್ ಮುಚ್ಚಬೇಕು. ನನ್ನ ಮನೆ ಪೀರನವಾಡಿಯಲ್ಲಿ, ಖಾನಾಪುರ ರಸ್ತೆಗೆ ಹತ್ತಿರ. ಹೀಗಾಗಿ ಖಾನಾಪುರದ ಟಿಕೆಟ್ಟುಗಳೆಲ್ಲ ನನ್ನ ಕೊರಳಿಗೆ. “ನಿನಗ ದಾರಿ ಮ್ಯಾಲ ಐತಲ್ಲೋ” ಎಂದು ನಮ್ಮ ಮೇಲಿನವರು ಎಂಟು ವರ್ಷದಿಂದ ಹೇಳುತ್ತಿದ್ದಾರೆ. ಅವರನ್ನು ಕೇಳಿದರೆ ಗೋವೆಯೂ ನನಗೆ ದಾರಿಯ ಮೇಲೆಯೇ ಇದೆ.

ಆ ಪೆಟ್ಟಿಗೆಯ ಒಳಗಿರುವುದು ನಿಮ್ಮ ಮನೆಯಲ್ಲಿರುವಂಥ ಸಾದಾ ಕಂಪ್ಯೂಟರೇ. ಆದರೆ ಕೈಕಾಲು ಕಟ್ಟಿ ಕೂರಿಸಿರುತ್ತಾರೆ. ಕೀಬೋರ್ಡ್ ಇಲ್ಲ, ಮೌಸ್ ಇಲ್ಲ, ಪೆನ್ ಡ್ರೈವ್ ಹಾಕುವ ತೂತುಗಳಿಗೆ ತಗಡು ಬಡಿದಿರುತ್ತಾರೆ. ಒಂದೇ ಒಂದು ಪ್ರೋಗ್ರಾಮು ಓಡುತ್ತದೆ, ಅದರಿಂದ ಹೊರಗೆ ಬರಲು ಸಾರ್ವಜನಿಕರಿಗೆ ದಾರಿಯಿಲ್ಲ. ಪರದೆಯ ಮೂಲೆಯಲ್ಲಿ ಇಷ್ಟು ಸಲ ಬಡಿದು ಪಾಸ್‌ವರ್ಡ್ ಕೊಟ್ಟರೆ ನಮಗೆ ಮಾತ್ರ ಬಾಗಿಲು ತೆರೆಯುತ್ತದೆ. ಇದೆಲ್ಲದರ ಮೇಲೆ ಇನ್ನೊಂದು ಬೀಗವಿದೆ. ಯಂತ್ರ ಆರಿಸಿ ಮತ್ತೆ ಹಚ್ಚಿದರೆ ಹಿಂದಿನ ದಿನ ಆದದ್ದೆಲ್ಲ ಅಳಿಸಿಹೋಗಿ, ಕೂರಿಸಿದ ದಿನ ಹೇಗಿತ್ತೋ ಹಾಗೆಯೇ ಏಳುತ್ತದೆ. ಯಾರಾದರೂ ಕಿತಾಪತಿ ಮಾಡಿದರೂ ಮರುದಿನಕ್ಕೆ ಉಳಿಯಬಾರದು ಎಂಬ ಉಪಾಯ. ನಾವು ಮಾಡಿದ ರಿಪೇರಿ ಉಳಿಯಬೇಕಾದರೆ ಮೊದಲು ಆ ಬೀಗ ತೆಗೆದು, ಕೆಲಸ ಮುಗಿಸಿ, ಮತ್ತೆ ಹಾಕಬೇಕು. ಮರೆತರೆ ನಮ್ಮ ರಿಪೇರಿಯೂ ಕಿತಾಪತಿಯ ಜೊತೆಗೇ ಅಳಿಸಿಹೋಗುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ನಾನು ಹೇಳಹೊರಟ ವರ್ಷ ಅವ್ವ ತೀರಿಕೊಂಡಳು. ದಿನಕರ್ಮ ಮುಗಿದ ಮರುದಿನವೇ ಕೆಲಸಕ್ಕೆ ಬಂದೆ. ಮನೆಯಲ್ಲಿ ಕೂತು ಮಾಡುವುದೇನಿತ್ತು? ಅವಳ ಮರಣ ಪ್ರಮಾಣಪತ್ರವನ್ನು ಟಿಳಕವಾಡಿಯ ಕಡೆಯ ಒಂದು ಕೇಂದ್ರದಲ್ಲಿ, ನಾನೇ ಹಿಂದೊಮ್ಮೆ ಪ್ರಿಂಟರ್ ರಿಪೇರಿ ಮಾಡಿದ್ದ ಮಷಿನ್ನಿನಲ್ಲಿ ತೆಗೆದೆ. ಕಾಗದ ಬಂತು. ಪರದೆಯ ಮೇಲೆ ‘ನಮ್ಮ ಸೇವೆ ನಿಮಗೆ ಹೇಗನಿಸಿತು?’ ಎಂದು ಐದು ನಕ್ಷತ್ರಗಳು ಮೂಡಿದವು. ಪ್ರಿಂಟ್ ಸ್ವಲ್ಪ ಓರೆಯಾಗಿ ಬಂದಿತ್ತು. ನಾಲ್ಕು ಒತ್ತಿದೆ. ಹಿಂದೆ ಸಾಲಿನಲ್ಲಿ ನಿಂತವನು ಬೇಗ ಬೇಗ ಎಂದ, ಸರಿದು ನಿಂತೆ. ಅಳು ಬರಲಿಲ್ಲ. ಆಗಲೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಆದದ್ದು ಹೀಗೆ. ಊಟ ಮಾಡುತ್ತಿದ್ದೆ, ರುಚಿ ಗೊತ್ತಾಗುತ್ತಿರಲಿಲ್ಲ. ಗಾಡಿ ಓಡಿಸುತ್ತಿದ್ದೆ, ಊರು ಬಂದದ್ದು ಗೊತ್ತಾಗುತ್ತಿರಲಿಲ್ಲ.

ಖಾನಾಪುರದ ಒಂದು ಸೇವಾಕೇಂದ್ರದಲ್ಲಿ ಮಷಿನ್ ಕೂರಿಸಿದ್ದು ಅದಕ್ಕೂ ಒಂದು ವರ್ಷ ಮೊದಲು. ಜನರಿಗೆ ಒತ್ತಲು ಬರುವುದಿಲ್ಲವೆಂದು ಅಲ್ಲಿ ಒಬ್ಬ ಸಹಾಯಕಿಯನ್ನು ನೇಮಿಸಿದ್ದರು, ಗುತ್ತಿಗೆದಾರನ ಮೂಲಕ. ನಲವತ್ತು ದಾಟಿದ ಹೆಂಗಸು. ಮನೆಯಲ್ಲಿ ಮರಾಠಿ, ಕಲಿತದ್ದು ಕನ್ನಡ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ. ಅಷ್ಟೇ ಅವರಿಗೆ ಆ ಕೆಲಸ ತಂದುಕೊಟ್ಟದ್ದು. ಪರದೆಯ ಮೇಲಿನ ಕನ್ನಡ ಓದಿ, ಕಾಡಿನಂಚಿನ ಹಳ್ಳಿಗಳಿಂದ ಬರುವ ಮುದುಕರಿಗೆ ಮರಾಠಿಯಲ್ಲಿ ತಿಳಿಸಿ ಹೇಳಬೇಕು. ಅದಕ್ಕೂ ಮೊದಲು ಅವರು ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುತ್ತಿದ್ದರಂತೆ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಜೀವನದಲ್ಲಿ ಅದೇ ಮೊದಲು. ಕೊರಳಿಗೆ ಹಾಕುವ ಗುರುತಿನ ಚೀಟಿಯನ್ನು ಸಂತೆಗೆ ಹೋದಾಗಲೂ ತೆಗೆಯುತ್ತಿರಲಿಲ್ಲ ಎಂದು ಅಲ್ಲಿಯ ಸಿಪಾಯಿ ನಗುತ್ತಿದ್ದ. ನಾನು ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದೆ.

ಮಷಿನ್ ಕೂರಿಸಿದ ದಿನ ಪೂಜೆ ಮಾಡುವುದು ನಮ್ಮ ಕಡೆಯ ರೂಢಿ. ಅದು ಕೆಲಸದ ಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಮಾಡದೆ ಬಂದ ಇಂಜಿನಿಯರನನ್ನು ನಾನು ಕಂಡಿಲ್ಲ. ಚೀಲದಲ್ಲಿ ಸ್ಕ್ರೂಡ್ರೈವರಿನ ಜೊತೆಗೇ ಅರಿಷಿಣ ಕುಂಕುಮದ ಪೊಟ್ಟಣ ಇರುತ್ತದೆ. ಅಂದು ಕಾಯಿ ಒಡೆದು, ಪರದೆಯ ಚೌಕಟ್ಟಿನ ಮೇಲಂಚಿಗೆ ಕುಂಕುಮ ಇಟ್ಟೆ. ಅಕ್ಕಾರ ದೂರ ನಿಂತಿದ್ದರು. ಒತ್ತಿ ನೋಡಿ ಎಂದರೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

“ಕೆಟ್ಟ ಗಿಟ್ಟ ಹೋದ್ರ ನನ್ನ ಮ್ಯಾಲ ಬರತೈತೇನ್ರಿ ಸರ?” ಎಂದು ಕೇಳಿದರು.

“ದಿನಾ ಮುಂಜಾನೆ ಒಂದೀಟು ಅರಿಷಿಣ ಕುಂಕುಮ ಹಚ್ಚಿ ಕೈ ಮುಗೀರಿ ಅಕ್ಕಾರ, ನೂರು ವರ್ಷ ಕೆಡಂಗಿಲ್ಲ ಇದು” ಎಂದೆ.

ಇದು ನಾನು ಎಲ್ಲ ಕಡೆ ಹೇಳುವ ಮಾತು. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಸಹಿ ಮಾಡಿಸಿಕೊಂಡು ಗಾಡಿ ಹತ್ತುತ್ತೇನೆ. ಅಕ್ಕಾರ ನಗಲಿಲ್ಲ. ತಲೆಯಾಡಿಸಿದರು. ಅವರು ಅದನ್ನು ಯಂತ್ರ ನಡೆಸುವ ಪಾಠದ ಒಂದು ಭಾಗವೆಂದೇ ತಿಳಿದುಕೊಂಡರು, ಹೇಗೆ ತಿಳಿಯದೆ ಇದ್ದಾರು? ಒತ್ತುವುದನ್ನು ಕಲಿಸಿದ ಬಾಯಿಯೇ ಇದನ್ನೂ ಹೇಳಿತ್ತು.

ಒಂದು ವರ್ಷ ಆ ಮಷಿನ್ನಿನಿಂದ ಒಂದು ಟಿಕೆಟ್ಟೂ ಬರಲಿಲ್ಲ. ನಮ್ಮ ಪಟ್ಟಿಯಲ್ಲಿ ಅಷ್ಟು ಸುಖವಾಗಿದ್ದ ಯಂತ್ರ ಇನ್ನೊಂದಿರಲಿಲ್ಲ. ಅವ್ವ ಹೋಗಿ ಎರಡು ತಿಂಗಳಾಗಿದ್ದಾಗ ಒಂದು ಸೋಮವಾರ ಅಕ್ಕಾರ ಫೋನು ಮಾಡಿದರು.

“ಸರ, ಮಷಿನ್ ತಾನ ತಾನ ಒತ್ಕೊಳ್ಳಾಕ ಹತ್ತೈತ್ರಿ.”

“ತಾನ ಹೆಂಗ ಒತ್ಕೊಳ್ತೈತ್ರಿ? ಆಫ್ ಮಾಡಿ ಆನ್ ಮಾಡ್ರಿ.”

“ಮೂರ ಸರ್ತಿ ಮಾಡೇನ್ರಿ.”

“ಇನ್ನೊಮ್ಮೆ ಮಾಡ್ರಿ.”

ನಮ್ಮ ವೃತ್ತಿಯ ಮೊದಲ ಮದ್ದು ಇದು, ಬಹುತೇಕ ಕೊನೆಯದೂ ಇದೇ. ನಾಲ್ಕನೆಯ ಸಲಕ್ಕೂ ಆಗಲಿಲ್ಲ. ಹೊರಟೆ.

ಹೋಗಿ ನೋಡಿದರೆ ನಿಜಕ್ಕೂ ಹಾಗೇ ಆಗುತ್ತಿತ್ತು. ಜನ ಹೆಸರು ಒತ್ತಿ, ಊರು ಒತ್ತಿ, ಸರ್ವೆ ನಂಬರು ಒತ್ತಿ ಕೊನೆಗೆ ಬರುತ್ತಿದ್ದಂತೆ, ಪರದೆಯ ಬಲಗಡೆ ಕೆಳಗಿದ್ದ ‘ರದ್ದು’ ಎಂಬ ಗುಂಡಿ ಯಾರೂ ಮುಟ್ಟದೆ ಒತ್ತಿಕೊಳ್ಳುತ್ತಿತ್ತು. ಮತ್ತೆ ಮೊದಲಿನಿಂದ. ಬೆಳಗಿನಿಂದ ಐದು ಸಲ ಒತ್ತಿ ದಣಿದಿದ್ದ ಮುದುಕನೊಬ್ಬ “ಭೂತ ಆಹೆ, ಭೂತ” ಎಂದು ಗೋಡೆಗೊರಗಿ ಕೂತಿದ್ದ. ಅಕ್ಕಾರ ಅವನಿಗೆ ಭೂತ ಗೀತ ಏನಿಲ್ಲ, ಸಾಹೇಬರು ಬಂದಿದ್ದಾರೆ ಎಂದು ಮರಾಠಿಯಲ್ಲಿ ಸಮಾಧಾನ ಹೇಳುತ್ತಿದ್ದರು. ಸಾಹೇಬ ಎಂದರೆ ನಾನು.

ನಾನು ಗಾಜು ಒರೆಸಿದೆ. ಒಳಗಿನ ಸೆಟ್ಟಿಂಗಿಗೆ ಹೋಗಿ, ಆ ಮೂಲೆಯಲ್ಲಿ ತಾನಾಗಿ ಬರುವ ಒತ್ತನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡಿದೆ. ಸರಿಹೋಯಿತು. ಟಿಕೆಟ್ ಮುಚ್ಚಿ ಬಂದೆ. ಅಳಿಸುವ ಬೀಗವನ್ನು ತೆಗೆಯದೆಯೇ ಇದೆಲ್ಲ ಮಾಡಿದ್ದೆ. ಮರುದಿನ ಬೆಳಿಗ್ಗೆ ಮಷಿನ್ ಎಲ್ಲವನ್ನೂ ಮರೆತು ಎದ್ದಿತು, ‘ರದ್ದು’ ಮತ್ತೆ ಶುರುವಾಯಿತು. ಬುಧವಾರ ಮತ್ತೆ ಹೋದೆ. ಅದೇ ರಿಪೇರಿ ಮಾಡಿದೆ. ಅವತ್ತೂ ಬೀಗ ತೆಗೆಯಲು ಮರೆತೆ. ಕೆಲಸಕ್ಕೆ ಸೇರಿದ ಮೊದಲ ವಾರದವರೂ ಎರಡೆರಡು ಸಲ ಮಾಡದ ತಪ್ಪು ಇದು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ನಾನು ಅಲ್ಲಿ ಇರುತ್ತಿರಲಿಲ್ಲ. ಎಲ್ಲಿರುತ್ತಿದ್ದೆ ಎಂದು ಕೇಳಿದರೆ ಅದೂ ಗೊತ್ತಿಲ್ಲ.

ಒಂದೇ ಯಂತ್ರ ಒಂದೇ ವಾರದಲ್ಲಿ ಮೂರು ಸಲ ಕೆಟ್ಟರೆ ಟಿಕೆಟ್ ಕೆಂಪಾಗುತ್ತದೆ. ಕೆಂಪಾದರೆ ಫೋಟೋ ಸಮೇತ ಖರೇ ಕಾರಣ ಕೊಡಬೇಕು, ಅದನ್ನು ಮೇಲಿನವರು ಓದುತ್ತಾರೆ. ಶುಕ್ರವಾರ ಬೆಳಿಗ್ಗೆ ನಮ್ಮ ಮೇಲಿನವರ ಫೋನು ಬಂತು. “ಏನ್ ಮಾಡಾಕತ್ತೀಪಾ ನೀ? ಇವತ್ತ ಕಾರಣ ಹಚ್ಚಿ ಕ್ಲೋಸ್ ಮಾಡಿದ್ರ ಮಾಡ್ದಿ, ಇಲ್ಲಂದ್ರ ನಾ ಏನೂ ಹೇಳಾಕ ಬರಂಗಿಲ್ಲ.”

ಅಂದು ಪರದೆಯ ಚೌಕಟ್ಟನ್ನೇ ಬಿಚ್ಚಿದೆ. ಈ ಪರದೆಗಳಿಗೆ ಬೆರಳು ಗೊತ್ತಾಗುವುದು ಗಾಜಿನಿಂದಲ್ಲ. ಚೌಕಟ್ಟಿನ ಸುತ್ತ ಕಣ್ಣಿಗೆ ಕಾಣದ ಬೆಳಕು ಬಿಡುವ ಸಣ್ಣ ಸಣ್ಣ ದೀಪಗಳಿರುತ್ತವೆ. ಆ ಬೆಳಕಿಗೆ ಏನು ಅಡ್ಡ ಬಂದರೂ ಅದು ಬೆರಳೆಂದೇ ಲೆಕ್ಕ. ಬಿಚ್ಚಿದಾಗ ಕೆಳಗಿನ ಸಂದಿಯ ತುಂಬ ಕೆಂಪು ಹಳದಿ ಕಲಸಿದ ಮುದ್ದೆ ಕಂಡಿತು. ಉದುರಿ ಹೋಗಬಾರದೆಂದು ಅಕ್ಕಾರ ಕುಂಕುಮವನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಮೇಲಂಚಿಗೆ ಹಚ್ಚಿದ್ದು ಒಂದು ವರ್ಷ ದಿನವೂ ಪಕ್ಕದಿಂದ ಇಳಿದಿಳಿದು ಬಂದು ಸರಿಯಾಗಿ ‘ರದ್ದು’ ಗುಂಡಿಯ ಬಾಜೂಕ ಕೂತಿತ್ತು. ಗಾಜನ್ನು ಅವರು ದಿನಾ ಫಳಫಳ ಒರೆಸುತ್ತಿದ್ದರು. ಚೌಕಟ್ಟನ್ನು ಒರೆಸುತ್ತಿರಲಿಲ್ಲ. ಪೂಜೆ ಮಾಡಿದ್ದನ್ನು ಯಾರು ಒರೆಸುತ್ತಾರೆ?

“ಅಲ್ಲೀ ತನಕ ಇಳದೈತೇನ್ರಿ?” ಎಂದರು ಅಕ್ಕಾರ, ನನ್ನ ಬಾಜೂಕ ನಿಂತು. ದನಿ ಸಣ್ಣದಾಗಿತ್ತು.

ನಾನು ಹೂಂ ಎಂದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮುದ್ದೆ ತೆಗೆದೆ, ತೆಗೆಯುವ ಮೊದಲು ಫೋಟೋ ಹೊಡೆದುಕೊಂಡೆ. ಚೌಕಟ್ಟು ಕೂರಿಸಿ ಹಚ್ಚಿದರೆ ಮಷಿನ್ ಹೊಸದರ ಹಾಗೆ ಓಡಿತು. ಸೆಟ್ಟಿಂಗನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಮೊದಲ ದಿನವೇ ಬಿಚ್ಚಿದ್ದರೆ ಅರ್ಧ ತಾಸಿನ ಕೆಲಸ.

ಮೊಬೈಲಿನಲ್ಲಿ ಟಿಕೆಟ್ ತೆರೆದೆ. ‘ಕಾರಣ’ ಎಂಬಲ್ಲಿ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಒಂದನ್ನು ಒತ್ತಬೇಕು, ನಮ್ಮ ಮಾತಿನಲ್ಲಿ ಬರೆಯಲು ಜಾಗವಿಲ್ಲ. ಯಂತ್ರದ ದೋಷ ಎಂದು ಒತ್ತಿದರೆ ಚೌಕಟ್ಟನ್ನು ಬಿಚ್ಚಿ ಕಂಪನಿಗೆ ಕಳಿಸಬೇಕು, ಅವರು ನೋಡಿ ಏನೂ ಆಗಿಲ್ಲ ಎನ್ನುತ್ತಾರೆ. ತಂತ್ರಾಂಶದ ದೋಷ ಎಂದರೆ ಕಂಪನಿಯ ಸರ್ವರಿಗೆ ಹೋದ ದಾಖಲೆ ತೆಗೆದು ನೋಡುತ್ತಾರೆ, ಎರಡು ಸಲ ಬೀಗ ತೆಗೆಯದೆ ರಿಪೇರಿ ಮಾಡಿದ ಮಹಾನುಭಾವ ಯಾರೆಂದು ಕಾಣುತ್ತದೆ. ವಿದ್ಯುತ್ ದೋಷ ಎನ್ನೋಣವೆಂದರೆ ಕೈಯಲ್ಲಿದ್ದದ್ದು ಕುಂಕುಮದ ಫೋಟೋ. ಉಳಿದದ್ದು ‘ಬಳಕೆಯ ತಪ್ಪು’. ಪೂಜೆ ಹೇಳಿಕೊಟ್ಟವನು ನಾನು, ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇದ್ದಿದ್ದರೂ ಒತ್ತುತ್ತಿರಲಿಲ್ಲ ಬಿಡಿ. ಅಲ್ಲೇ, ಅಕ್ಕಾರ ಎದುರಿಗೇ ‘ಬಳಕೆಯ ತಪ್ಪು’ ಒತ್ತಿದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಆ ಕೋತಿಗಾದರೂ ತಾನು ಮಾಡುವುದು ಗೊತ್ತಿತ್ತು. ನನಗೆ ಆಗ ಏನೂ ಅನಿಸಲಿಲ್ಲ. ಟಿಕೆಟ್ ಹಸಿರಾಯಿತು, ಅಷ್ಟೇ ಕಂಡದ್ದು.

“ಆತೇನ್ರಿ ಸರ?”

“ಆತ್ರಿ ಅಕ್ಕಾರ. ಇನ್ನ ಕುಂಕುಮ ಹಚ್ಚಬ್ಯಾಡ್ರಿ.”

“ಇಲ್ರಿ, ಹಚ್ಚಂಗಿಲ್ಲ” ಎಂದರು. ಆಮೇಲೆ ಸಿಪಾಯಿಯನ್ನು ಕಳಿಸಿ ನನಗೆ ಚಹಾ ತರಿಸಿದರು.

ಹದಿನೈದು ದಿನ ಕಳೆದು ಬೇರೇನೋ ಕೇಳಲು ಆ ಕೇಂದ್ರಕ್ಕೆ ಫೋನು ಮಾಡಿದೆ. ಎತ್ತಿದ್ದು ಬೇರೆ ದನಿ. ಸಿಪಾಯಿಗೆ ಕೊಡಿ ಎಂದೆ. ಅವನು ಹೇಳಿದ: “ಅಕ್ಕಾರನ್ನ ತಗದ್ರಲ್ರಿ. ಮಷಿನ್ ಹಾಳ ಮಾಡ್ಯಾರಂತ ರಿಪೋರ್ಟ್ ಬಂದಿತ್ತಂತ. ಕಾರ್ಡ್ ಕಸಗೊಂಡ ಕಳಿಸಿದ್ರು.” ಗುತ್ತಿಗೆದಾರನಿಗೆ ತನ್ನ ಕಡೆಯ ಯಾರನ್ನೋ ಸೇರಿಸುವುದಿತ್ತು, ಕಾರಣವೊಂದು ಬೇಕಾಗಿತ್ತು, ಫೋಟೋ ಸಮೇತ ಸಿಕ್ಕಿತು. ನಾನು ಹೌದಾ ಎಂದು ಫೋನಿಟ್ಟೆ. ಕೆಳಗೆ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದರು. ಡಬ್ಬಿ ತೆಗೆದು ಊಟ ಮಾಡಿದೆ. ಚಪಾತಿ, ಬದನೆಕಾಯಿ ಪಲ್ಯ. ಪೂರ್ತಿ ತಿಂದೆ.

ಅಲ್ಲಿಂದ ಮೂರು ತಿಂಗಳಿಗೆ ಮತ್ತೆ ಆ ಕೇಂದ್ರಕ್ಕೆ ಹೋಗಬೇಕಾಯಿತು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು. ಹೊಸ ಹುಡುಗಿ ಮೊಬೈಲು ನೋಡುತ್ತ ಕೂತಿದ್ದಳು. ಅವಳಿಗೆ ಮರಾಠಿ ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಮೂವರು ಹೆಂಗಸರು ಕೈಯಲ್ಲಿ ಕಾಗದ ಹಿಡಿದು, ಓದಿ ಹೇಳುವವರು ಯಾರಾದರೂ ಬರುತ್ತಾರೇನೋ ಎಂದು ಕಾಯುತ್ತಿದ್ದರು. ಒಬ್ಬಳು ನನ್ನನ್ನೇ ಕೇಳಿದಳು, “ತಿ ಬಾಯಿ ಕುಠೆ ಗೇಲಿ?” ಆ ಹೆಂಗಸು ಎಲ್ಲಿ ಹೋದಳು? ಗೊತ್ತಿಲ್ಲ ಎಂದೆ. ಆದರೆ ಕೆಲಸ ಮುಗಿಸಿ ಗಾಡಿ ಹತ್ತಿದ ಮೇಲೆ ಬೆಳಗಾವಿಯ ಕಡೆ ತಿರುಗಿಸಲಿಲ್ಲ. ಸಿಪಾಯಿಯ ಹತ್ತಿರ ಮನೆ ಕೇಳಿಕೊಂಡು ಅಕ್ಕಾರ ಓಣಿಗೆ ಹೋದೆ. ಯಾಕೆ ಹೋದೆ ಎಂದು ಇವತ್ತೂ ಸರಿಯಾಗಿ ಹೇಳಲಾರೆ. ಒಳ್ಳೆಯತನದಿಂದ ಎಂದು ಮಾತ್ರ ಯಾರೂ ತಿಳಿಯಬಾರದು.

ಅಕ್ಕಾರ ಆಗ ತಾನೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಮತ್ತೆ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರು. ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಹಾಗೇ ಇತ್ತು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ಬರ್ರಿ ಸರ, ಕುಂದರ್ರಿ” ಎಂದು ಚಾಪೆ ಹಾಸಿದರು. ಒಳಗೆ ಹೋಗಿ ಸ್ಟೋ ಹಚ್ಚಿದರು. ಚಹಾ ತಂದಿಟ್ಟು ಎದುರಿಗೆ ಗೋಡೆಗೆ ಆತು ಕೂತರು.

“ಅಕ್ಕಾರ, ಆ ರಿಪೋರ್ಟ್ ನಾನ ಹಾಕಿದ್ದು” ಎಂದೆ.

“ಗೊತ್ತೈತ್ರಿ.”

“ಯಾರ ಹೇಳಿದ್ರು?”

“ಯಾರ ಹೇಳ್ಬೇಕ್ರಿ? ನೀವು ಒತ್ತಿದಾಗ ನಾ ಬಾಜೂಕ ನಿಂತಿದ್ನೆಲ್ರಿ. ಓದಾಕ ಬರತೈತಲ್ರಿ ನನಗ.”

ಅಂದರೆ ಓದಿದ ಮೇಲೆಯೇ ಅವರು ನನಗೆ ಚಹಾ ತರಿಸಿದ್ದರು. “ಕುಂಕುಮ ಹಚ್ರಿ ಅಂತ ನಾನ ಹೇಳಿದ್ದು ಅಂತ ಅವರಿಗೆ ಯಾಕ ಹೇಳಲಿಲ್ರಿ ನೀವು?” ಎಂದು ಕೇಳಿದೆ.

“ಕೇಳಿದ್ರು, ಯಾರ ಹೇಳಿಕೊಟ್ರು ಅಂತ. ನಿಮ್ಮ ಹೆಸರು ಹೇಳಿದ್ರ ನಂದು ಉಳಿತಿತ್ತೇನ್ರಿ? ಇಬ್ಬರದೂ ಹೋಗತಿತ್ತು. ಒಬ್ಬರದಾದ್ರೂ ಉಳೀಲಿ ಅಂತ ಸುಮ್ಕಾದ್ನಿ.”

ಹೇಳುವಾಗ ಅವರ ಮುಖದಲ್ಲಿ ತ್ಯಾಗ ಗೀಗದ ಗುರುತು ಇರಲಿಲ್ಲ. ಒಲೆಯ ಮೇಲೆ ಎರಡು ಪಾತ್ರೆಯಲ್ಲಿ ಒಂದು ಸೀಯಿತು, ಒಂದನ್ನು ಇಳಿಸಿದೆ ಎನ್ನುವಷ್ಟೇ ಸಹಜವಾಗಿ ಹೇಳಿದರು. ನನಗೆ ನಾಚಿಕೆಯಾಯಿತು. ಮೈಯೆಲ್ಲ ಬಿಸಿಯಾಗಿ, ತಲೆ ಎತ್ತಲಾಗದಷ್ಟು ನಾಚಿಕೆ. ಅವ್ವ ಹೋದ ಮೇಲೆ ಏನಾದರೊಂದು ನನ್ನನ್ನು ಮುಟ್ಟಿದ್ದು ಅಂದೇ.

“ನಾಳೆ ಬರದ ಕೊಡ್ತೇನ್ರಿ ಅಕ್ಕಾರ, ತಪ್ಪು ನಂದು ಅಂತ.”

ಅವರು ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು. ಅಷ್ಟು ಹೊತ್ತು ಇಲ್ಲದ ಒಂದು ಆಸೆ ಆ ಕಣ್ಣಲ್ಲಿ ಬಂತು. “ಬರದ ಕೊಟ್ರ ನನ್ನ ಮತ್ತ ತಗೋತಾರೇನ್ರಿ?”

ನೋಡೂಣ್ರಿ ಎನ್ನಬಹುದಿತ್ತು. ಎಂಟು ವರ್ಷ ಎಷ್ಟು ಜನರಿಗೆ ಆ ಮಾತು ಹೇಳಿ ಗಾಡಿ ಹತ್ತಿಲ್ಲ ನಾನು. ಮುಚ್ಚಿದ ಟಿಕೆಟ್ಟನ್ನು ಮತ್ತೆ ತೆರೆಯಲು ಬರುವುದಿಲ್ಲ, ಆ ಕುರ್ಚಿಯಲ್ಲಿ ಬೇರೆಯವರು ಕೂತಾಗಿತ್ತು, ಗುತ್ತಿಗೆದಾರ ನನ್ನ ಕಾಗದವನ್ನು ಓದುವವನೂ ಅಲ್ಲ.

“ಇಲ್ರಿ ಅಕ್ಕಾರ” ಎಂದೆ.

“ಹಂಗಾರ ಬ್ಯಾಡ್ರಿ” ಎಂದರು. “ಚಾ ಆರತೈತಿ, ಕುಡೀರಿ.”

ಕುಡಿದೆ. ಬಾಗಿಲವರೆಗೆ ಬಂದು ನಿಂತರು, ಹುಷಾರಾಗಿ ಹೋಗಿ ಎಂದರು. ಆ ಕಾಗದವನ್ನು ನಾನು ಬರೆದುಕೊಟ್ಟಿಲ್ಲ. ಬ್ಯಾಡ ಎಂದವರು ಅವರೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಖಾನಾಪುರದ ಟಿಕೆಟ್ ಬಂದ ದಿನವೆಲ್ಲ ಹೇಳಿಕೊಳ್ಳುತ್ತೇನೆ, ಗಾಡಿ ಹತ್ತಿ ಹೋಗುತ್ತೇನೆ, ನನ್ನ ನೌಕರಿ ಇನ್ನೂ ಇದೆ.